ಕಂಟ್ರೋಲರಿಗೆ ಮನೆಯಲ್ಲೇ ಬಟನ್ ಕೂರಿಸುವವರೇ, ಮುಚ್ಚಳ ಒತ್ತುವ ಮೊದಲು ಸ್ವಲ್ಪ ನಿಲ್ಲಿ

ಎರಡು ವಾರದಿಂದ ನಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಬಾಲ್ದಿ ಹೊಯಿಗೆ (ಮರಳು) ಇದೆ. ಅಮ್ಮ ಅದರ ಹತ್ತಿರ ಯಾರನ್ನೂ ಬಿಡುವುದಿಲ್ಲ. ಒಳಗೆ ಹೂತಿರುವುದು ಪಿಎಸ್4 ಕಂಟ್ರೋಲರಿನ, ಅಂದರೆ ವಿಡಿಯೋ ಗೇಮ್ ಆಡಲು ಕೈಯಲ್ಲಿ ಹಿಡಿಯುವ ಸಾಧನದ ಬ್ಯಾಟರಿ. ಹೂತದ್ದು ನಾನೇ, ಅದಕ್ಕೆ ಆ ಗತಿ ತಂದದ್ದೂ ನಾನೇ. ಯೂಟ್ಯೂಬ್ ನೋಡಿ ಕೈ ತುರಿಸುತ್ತಿರುವವರು ಇನ್ನೂ ಕೆಲವರು ಇರಬಹುದು ಅಂತ ಬರೆಯುತ್ತಿದ್ದೇನೆ.

ಶುರುವಾದದ್ದು ಮಳೆಯ ರಜೆಯಲ್ಲಿ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಅಕ್ಕನ ಮಗ ಸುರತ್ಕಲ್ಲಿನ ನಮ್ಮ ಮನೆಗೆ ಬಂದಿದ್ದ. "ಮಾಮ, ಹಾರ್ಲಿಕ್ಕೆ ಎಕ್ಸ್ ಒತ್ತುವಾಗ ಹೆಬ್ಬೆರಳು ಸ್ಟಿಕ್ ಬಿಡ್ತದೆ. ಅಷ್ಟರಲ್ಲಿ ಯಾರಾದ್ರೂ ಹೊಡೆದು ಹಾಕ್ತಾರೆ" ಅಂದ. ಮಾತು ಸರಿಯೇ. ಗುರಿ ಇಡುವುದಕ್ಕೂ ಬಲಗೈ ಹೆಬ್ಬೆರಳು, ಹಾರುವುದಕ್ಕೂ ಅದೇ. ಹಿಂದುಗಡೆ ಉಂಗುರ ಬೆರಳು ಮಾತ್ರ ಸುಮ್ನೆ ಕೂತಿರುತ್ತದೆ. ಅಲ್ಲೊಂದು ಬಟನ್ ಇದ್ದರೆ ಆಯಿತು, ಅಲ್ವಾ?

ಕೇಳಲಿಕ್ಕೆ ಸುಲಭ. ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಎಕ್ಸ್ ಬಟನ್ನಿನ ಬಿಂದುವಿನಿಂದ (ವಯರ್ ಬೆಸೆಯುವ ತಾಮ್ರದ ಚುಕ್ಕೆ) ಒಂದು ವಯರ್, ಬಟನ್‌ಗಳಿಗೆಲ್ಲ ಸೇರಿ ಇರುವ ಕಾಮನ್ ಬಿಂದುವಿನಿಂದ ಇನ್ನೊಂದು, ಮಧ್ಯೆ 6 ಮಿಲಿಮೀಟರ್ ಚೌಕದ ಪುಟ್ಟ ಸ್ವಿಚ್. ಮಂಗಳೂರಿನ ಹಂಪನಕಟ್ಟೆಯಲ್ಲಿ ಸ್ವಿಚ್ಚೂ ವಯರೂ ಚಿಲ್ಲರೆ ಕಾಸಿಗೆ ಸಿಕ್ಕಿದವು. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ ಮೇಲೆ ಗೊತ್ತಾಯಿತು, ವಿಡಿಯೋದ ಬೋರ್ಡೇ ಬೇರೆ, ನನ್ನದೇ ಬೇರೆ. ಈ ಮಾದರಿಯ ಕಂಟ್ರೋಲರ್ ಮೊದಲು 2013ರಲ್ಲಿ ಬಂದದ್ದು. ಅಲ್ಲಿಂದ ಬೋರ್ಡನ್ನು ಹಲವು ಸಲ ಬದಲಾಯಿಸಿದ್ದಾರೆ. ಬೋರ್ಡಿನ ಮೇಲೆಯೇ ಜೆಡಿಎಂ-030, ಜೆಡಿಎಂ-055 ಅಂತ ನಂಬರ್ ಬರೆದಿರುತ್ತದೆ. ನಂಬರ್ ಬೇರೆಯಾದರೆ ಬಿಂದುಗಳ ಜಾಗವೂ ಬೇರೆ. ಸರಿಯಾದ ಚಿತ್ರ ಹುಡುಕುವಷ್ಟರಲ್ಲಿ ಮಧ್ಯಾಹ್ನದ ಊಟ ತಣ್ಣಗಾಗಿತ್ತು.

ಆಮೇಲೆ ಅಪ್ಪನ ಕಾಲದ 60 ವ್ಯಾಟಿನ ಸೋಲ್ಡರಿಂಗ್ ಐರನ್ ತೆಗೆದೆ. ದಪ್ಪ ವಯರ್ ಬೆಸೆಯಲು ಅದು ಚೆನ್ನಾಗಿದೆ. ಇಂಥ ಬೋರ್ಡಿಗೆ ಯಮ. ಬೆಸುಗೆಯ ಸೀಸ (ತವರ ಬೆರೆಸಿದ್ದು) ಕರಗಲು 190 ಡಿಗ್ರಿ ಸಾಕು, ಉಷ್ಣ ಹಿಡಿತವಿಲ್ಲದ ಆ ಐರನ್ನಿನ ತುದಿ 400 ದಾಟುತ್ತದೆ. ಬೋರ್ಡಿನ ತಾಮ್ರದ ಪದರವೋ, ಸಾಮಾನ್ಯವಾಗಿ 35 ಮೈಕ್ರಾನ್, ತಲೆಗೂದಲಿಗಿಂತ ತೆಳು. ಎರಡನೇ ಸಲ ತಾಗಿಸಿದ್ದೇ ತಡ, ಬಿಂದು ಮೀನಿನ ಹುರುಪೆಯ ಹಾಗೆ ಎದ್ದು ಐರನ್ನಿಗೇ ಅಂಟಿಕೊಂಡು ಬಂತು. ಅದರ ಪಕ್ಕದ ಗೆರೆಯನ್ನು ಬ್ಲೇಡಿನಲ್ಲಿ ಕೆರೆದು ಹೇಗೋ ವಯರ್ ಹಿಡಿಸಿದೆ. ಸೀಸ ಹಿಡಿಯಲಿ ಅಂತ ಮನೆಯಲ್ಲಿದ್ದ ಡಬ್ಬಿಯ ಪೇಸ್ಟ್ ಮೆತ್ತಿದೆ. ಅದು ಪೈಪಿನ ಕೆಲಸದವರ ಪೇಸ್ಟ್, ಆಮ್ಲ ಇರುವಂಥದ್ದು. ಕೊನೆಗೆ ತೊಳೆಯಲೂ ಇಲ್ಲ.

ಸಂಜೆ ಬಟನ್ ಕೆಲಸ ಮಾಡಿತು! ಹುಡುಗ ಕುಣಿದ. ನಾನೂ ಸ್ವಲ್ಪ ಜಾಸ್ತಿಯೇ ಬೀಗಿದೆ.

ಮೂರು ವಾರದ ನಂತರ ಆಟದೊಳಗಿನ ಮನುಷ್ಯ ತಾನಾಗಿ ಕುಪ್ಪಳಿಸಲು ಶುರು ಮಾಡಿದ. ಯಾರೂ ಏನೂ ಒತ್ತುತ್ತಿಲ್ಲ, ಇವನು ಗೋಡೆ ಪಕ್ಕ ನಿಂತು ಟಣ್ ಟಣ್ ಅಂತ ಹಾರುತ್ತಿದ್ದಾನೆ. ಬಿಚ್ಚಿ ನೋಡಿದರೆ ಸೀಸದ ಸುತ್ತ ಹಸಿರು ಕಿಲುಬು. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ, ಕಪಾಟಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ಉಳಿದ ಪೇಸ್ಟ್ ಆ ಹಸಿಯನ್ನು ಹೀರಿಕೊಂಡು, ಎರಡು ಬಿಂದುಗಳ ನಡುವೆ ತಾನೇ ದಾರಿ ಮಾಡಿಕೊಟ್ಟಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್, ಹಳೆ ಹಲ್ಲುಜ್ಜುವ ಬ್ರಷ್ ಹಿಡಿದು ಉಜ್ಜಿದೆ. ಹೋಯಿತು.

ನಿಜವಾದ ತಪ್ಪು ಮಾಡಿದ್ದು ಅದರ ನಂತರ. ಉಜ್ಜುವಾಗ ಸ್ವಿಚ್ಚಿನ ಗ್ಲೂ ಬಿಟ್ಟಿತ್ತು. ಮತ್ತೆ ಅಂಟಿಸುವಾಗ ಅದು ಬ್ಯಾಟರಿಯ ಕಡೆಗೆ ಸ್ವಲ್ಪ ಸರಿಯಿತು. ಸ್ವಿಚ್ಚಿನ ನಾಲ್ಕು ಕಾಲುಗಳನ್ನು ನಾನು ಕತ್ತರಿಸಿರಲಿಲ್ಲ. ಮುಚ್ಚಳ ಇಟ್ಟೆ, ಒಂದು ಮೂಲೆ ಕೂರಲಿಲ್ಲ. ಅಕ್ಕಿಕಾಳು ಹೋಗುವಷ್ಟು ಸಂದು. ಸ್ಕ್ರೂ ಬಿಗಿ ಮಾಡಿದರೆ ಕೂರುತ್ತದೆ ಅಂತ ಬಿಗಿ ಮಾಡಿದೆ. ಕೂತಿತು. ಕೂತದ್ದು ಎಲ್ಲಿಗೆ ಅಂದರೆ ಬ್ಯಾಟರಿಯ ಹೊಟ್ಟೆಗೆ.

ಒಳಗಿರುವುದು 1000 ಎಂಎಎಚ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿ. ಸಣ್ಣದು ಅನ್ನಿಸುತ್ತದೆ. ಆದರೆ ಒಳಗೆ ಧನ, ಋಣ ಎರಡೂ ಪದರಗಳನ್ನು ಬೇರೆ ಮಾಡಿರುವುದು ತೆಳು ಪ್ಲಾಸ್ಟಿಕ್ ಹಾಳೆ ಮಾತ್ರ. ಅದು ಒತ್ತಿ ಹರಿದರೆ ಎರಡೂ ಒಂದಕ್ಕೊಂದು ತಾಗಿ ಬಿಸಿಯೇರುತ್ತದೆ, ಅನಿಲ ಹುಟ್ಟಿ ಉಬ್ಬುತ್ತದೆ, ಗ್ರಹಚಾರ ಕೆಟ್ಟರೆ ಬೆಂಕಿ.

ಅವತ್ತು ರಾತ್ರಿ ಚಾರ್ಜಿಗಿಟ್ಟು ಊಟಕ್ಕೆ ಕೂತಿದ್ದೆ. ಟಿವಿ ರಿಮೋಟ್ ಹುಡುಕುತ್ತಿದ್ದ ಅಮ್ಮನ ಕೈಗೆ ಕಂಟ್ರೋಲರ್ ತಾಗಿತು. "ಎಂತ ಮಾರಾಯ ಇದು, ಇಸ್ತ್ರಿಪೆಟ್ಟಿಗೆ ಹಾಗೆ ಬಿಸಿ ಉಂಟಲ್ಲ?" ಓಡಿ ಹೋಗಿ ಕೇಬಲ್ ಕಿತ್ತೆ. ಉಗುರಿನ ಬಣ್ಣ ಒರೆಸುವ ನೀರಿನಂಥ ಸಿಹಿ ವಾಸನೆ ಬರುತ್ತಿತ್ತು. ಸ್ಟೀಲಿನ ಹರಿವಾಣದಲ್ಲಿ ಇಟ್ಟು ಹೊರಗೆ ಒಯ್ದು, ಮುರಕಲ್ಲಿನ ಮೆಟ್ಟಿಲ ಮೇಲೆ ಬಿಟ್ಟು ದೂರ ನಿಂತೆ. ಅದು ತಣ್ಣಗಾಗುವ ತನಕ ನನ್ನ ಕೈ ನಡುಗುತ್ತಿತ್ತು. ಬೆಂಕಿ ಬರಲಿಲ್ಲ. ಅದು ನನ್ನ ಜಾಣತನದಿಂದ ಅಲ್ಲ. ಅಮ್ಮ ರಿಮೋಟ್ ಹುಡುಕದೇ ಇದ್ದಿದ್ದರೆ?

ಮರುದಿನ ಬಿಚ್ಚಿದಾಗ ಬಿಸ್ಕತ್ತಿನ ಹಾಗೆ ಚಪ್ಪಟೆ ಇದ್ದದ್ದು ಗೋಳಿಬಜೆಯ ಹಾಗೆ ಉಬ್ಬಿತ್ತು. ಮೇಲೆ ಸೂಜಿಯ ಗುರುತಿನಂಥ ಎರಡು ತೂತು. ಬಿಚ್ಚಿದ್ದೂ ತಪ್ಪೇ, ಇಡೀ ಕಂಟ್ರೋಲರನ್ನೇ ಹೊಯಿಗೆಗೆ ಹಾಕಬೇಕಿತ್ತು.

ಈಗಾಗಲೇ ಹೀಗೆ ಬಟನ್ ಕೂರಿಸಿಕೊಂಡವರು ಒಮ್ಮೆ ಹಿಂಬದಿ ಸಂದು ನೋಡಿ. ಒಂದು ಕಡೆ ಎದ್ದಿದ್ದರೆ ಚಾರ್ಜಿಗೆ ಹಾಕಬೇಡಿ. ಹೊಸದಾಗಿ ಮಾಡುವವರು ಮೊದಲು ಬ್ಯಾಟರಿಯ ವಯರಿನ ಪ್ಲಗ್ಗನ್ನು ಬೋರ್ಡಿನಿಂದ ಕಳಚಿ, ಸ್ವಿಚ್ಚಿನ ಕಾಲು ಕತ್ತರಿಸಿ, ಬಟನ್ನನ್ನು ಬ್ಯಾಟರಿಯಿಂದ ದೂರ ಹಿಡಿಕೆಯ ತುದಿಗೆ ಇಡಿ. ಮುಚ್ಚಳ ಬೆರಳಿನ ಒತ್ತಿಗೆ ತಾನಾಗಿ ಕೂರಬೇಕು, ಸ್ಕ್ರೂ ಎಳೆದು ಕೂರಿಸಬಾರದು.

ಉಬ್ಬಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಮಳೆ ಸ್ವಲ್ಪ ಬಿಟ್ಟ ಕೂಡಲೇ ಒಯ್ಯಬೇಕು ಅಂತಿದ್ದೇನೆ. ಅಲ್ಲಿಯ ತನಕ ಬಾಲ್ದಿ ಕೊಟ್ಟಿಗೆಯಲ್ಲೇ. ಅಮ್ಮನಿಗೆ ಬಟ್ಟೆ ಒಗೆಯಲು ಬೇರೆ ಬಾಲ್ದಿ ತಂದುಕೊಟ್ಟಿದ್ದೇನೆ.