ಮೆಮೊರಿ ಕಾರ್ಡ್ ಯಾರ ಕೈಗೂ ಕೊಡಬೇಡಿ: ಮೈಸೂರಿನ ಒಂದು ಫೋಟೋ ವಾಕ್ ಬಗ್ಗೆ

ಸ್ಟ್ರೀಟ್ ಫೋಟೋಗ್ರಫಿ ಕಲಿಸುತ್ತೇವೆ, ಎಡಿಟಿಂಗೂ ಹೇಳಿಕೊಡುತ್ತೇವೆ ಅಂತ ಶನಿವಾರ, ಭಾನುವಾರ ಫೋಟೋ ವಾಕ್ (ಗುಂಪಾಗಿ ಓಡಾಡುತ್ತಾ ಫೋಟೋ ತೆಗೆಯುವುದು) ನಡೆಸುವವರು ಮೈಸೂರಿನಲ್ಲಿ ಈಗ ತುಂಬಾ ಜನ ಇದ್ದಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ನನಗೆ ಸಿಕ್ಕಿದ್ದು ಅಂಥವರಲ್ಲ. ಹೆಸರು ಬರೆಯುವುದಿಲ್ಲ, ಆದರೆ ಏನೇನು ಮಾಡಿದರು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ, ಬೇರೆ ಯಾರಾದರೂ ಇದನ್ನೇ ಮಾಡಲು ಬಂದರೆ ನಿಮಗೆ ಗುರುತು ಸಿಗಬೇಕು. ಪೂರ್ತಿ ಓದುವಷ್ಟು ಪುರುಸೊತ್ತಿಲ್ಲದವರು ಎರಡು ವಿಷಯ ನೆನಪಿಟ್ಟುಕೊಳ್ಳಿ. ಕಾರ್ಡ್ ನಿಮ್ಮ ಹತ್ತಿರವೇ ಇರಲಿ. ನೀವು ತೆಗೆದ ಮನುಷ್ಯರ ಮುಖವನ್ನು ಬೇರೆಯವರು ಎಡಿಟ್ ಮಾಡುತ್ತಾರೆ ಅಂದರೆ ಏನು ಮಾಡುತ್ತಾರೆ, ಎಲ್ಲಿ ಹಾಕುತ್ತಾರೆ ಅಂತ ಮೊದಲೇ ಕೇಳಿ.

ಬೆಳಿಗ್ಗೆ ಚಿಕ್ಕ ಗಡಿಯಾರದ ಹತ್ತಿರ ಸೇರಿಸಿ ದೇವರಾಜ ಮಾರ್ಕೆಟ್ ಒಳಗೆ ಕರೆದುಕೊಂಡು ಹೋದರು. ದೊಡ್ಡ ಗುಂಪು, ಎಲ್ಲರ ಕೈಯಲ್ಲೂ ಕ್ಯಾಮೆರಾ. ಆ ಮಾರ್ಕೆಟ್ ನೋಡಿದವರಿಗೆ ಗೊತ್ತು, ಹೂವಿನ ಸಾಲಿನಲ್ಲಿ ಬುಟ್ಟಿ ಹೊತ್ತವರು ಎದುರಿಗೆ ಬಂದರೆ ನಾವು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ವ್ಯಾಪಾರ ಜೋರಾಗಿರುವ ಹೊತ್ತಿನಲ್ಲಿ ಅಷ್ಟು ಜನ ಒಟ್ಟಿಗೆ ನುಗ್ಗಿದರೆ ಗಿರಾಕಿಗಳು ನಿಲ್ಲುವುದಾದರೂ ಎಲ್ಲಿ? ಅಂಗಡಿಯವರು ಸಿಡಿಮಿಡಿ ಮಾಡಿದರು, ಮಾಡುವುದು ನ್ಯಾಯವೇ. ಕಲಿಸಲು ಬಂದಿದ್ದ ಸರ್ ಹೇಳಿದ್ದು ಇಷ್ಟು: "ಯಾರನ್ನೂ ಕೇಳಬೇಡಿ, ಕೇಳಿದರೆ ಫೋಟೋ ಕೆಡುತ್ತೆ. ಮುಖದ ಹತ್ತಿರ ಹೋಗಿ, ಕ್ಲಿಕ್ ಮಾಡಿ, ಮುಂದೆ ಹೋಗ್ತಾ ಇರಿ."

ಕೇಳದೆ ತೆಗೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೀದಿಯಲ್ಲಿ ಆ ಕ್ಷಣ ಕಳೆದುಹೋದರೆ ಮತ್ತೆ ಬರುವುದಿಲ್ಲ, ಅದು ನಿಜ. ಆದರೆ ತೆಗೆದ ಮೇಲೆ ನಿಂತು ಒಂದು ಮಾತಾಡುವುದಕ್ಕೆ, ಸ್ಕ್ರೀನಿನಲ್ಲಿ ತೋರಿಸುವುದಕ್ಕೆ, ಬೇಡ ಅಂದರೆ ಅಳಿಸುವುದಕ್ಕೆ ಏನು ಕಷ್ಟ? ಅದರಲ್ಲೂ ಆ ಮಾರ್ಕೆಟ್‌ನಲ್ಲಿ. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಬಿದ್ದ ಮೇಲೆ ಕೆಡವಬೇಕಾ ಉಳಿಸಬೇಕಾ ಅನ್ನುವ ವಾದ ವರ್ಷಗಟ್ಟಲೆ ನಡೆದಿದೆ. ಅಂಗಡಿ ಇರುತ್ತದೋ ಹೋಗುತ್ತದೋ ಅನ್ನುವ ಚಿಂತೆಯಲ್ಲಿ ಇದ್ದವರ ಎದುರು ಕ್ಯಾಮೆರಾ ಹಿಡಿದು ಸುಮ್ನೆ ಓಡಾಡಿದರೆ ಅವರಿಗೆ ಏನನ್ನಿಸಬೇಕು ಹೇಳಿ.

ಕಲಿಸಿದ್ದಾದರೂ ಏನು? ಎಲ್ಲರೂ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) 100ರಲ್ಲೇ ಇಡಿ, ಇಲ್ಲದಿದ್ದರೆ ಕಾಳು ಕಾಳು ಬರುತ್ತದೆ ಅಂದರು. ಮಾರ್ಕೆಟ್ ಒಳಗೆ ಮೇಲೆ ಶೀಟು, ಟಾರ್ಪಾಲು, ಬೆಳಕು ಬರುವುದು ಸಂದಿಯಿಂದ. ಅಲ್ಲಿ 100 ಇಟ್ಟರೆ ಶಟರ್ (ಬೆಳಕು ಒಳಗೆ ಬಿಡುವ ಬಾಗಿಲು) ನಿಧಾನ ಆಗಿ, ಹೂವು ಕಟ್ಟುವ ಕೈ ಬರೀ ಮಸುಕಾಗಿ ಬರುತ್ತದೆ. ಹೊಸಬರು ಸುಮಾರು ಜನ ಆ ಇಡೀ ಬೆಳಿಗ್ಗೆ ಹಾಳು ಮಾಡಿಕೊಂಡರು. ಅಂಥ ಜಾಗದಲ್ಲಿ ಧೈರ್ಯವಾಗಿ 1600, 3200ಕ್ಕೆ ಏರಿಸಿ, ಶಟರನ್ನು 1/125ರಿಂದ 1/250 ಸೆಕೆಂಡಿನ ಆಸುಪಾಸು ಹಿಡಿದುಕೊಳ್ಳಿ. ಸ್ವಲ್ಪ ಕಾಳು ಬಂದರೆ ಬರಲಿ, ಕೈ ಅಲುಗಿದ್ದನ್ನು ಯಾವ ಎಡಿಟಿಂಗೂ ಸರಿಮಾಡುವುದಿಲ್ಲ. ಹೊರಗೆ ಸಯ್ಯಾಜಿರಾವ್ ರಸ್ತೆಗೆ ಬಂದ ಮೇಲೆ ಬೇರೆ ಲೆಕ್ಕ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್ ಹಾಕಿ, ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟು, 3 ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು 2ರಿಂದ 7 ಮೀಟರ್ ದೂರದ ತನಕ ಎಲ್ಲವೂ ಸ್ಪಷ್ಟ ಇರುತ್ತದೆ, ಫೋಕಸ್ ಹುಡುಕುತ್ತಾ ನಿಲ್ಲಬೇಕಾಗಿಯೇ ಇಲ್ಲ. ಬೀದಿ ಚಿತ್ರ ಕಲಿಯುವವರಿಗೆ ಮೊದಲ ಪಾಠವೇ ಇದು. ಅಲ್ಲಿ ಇದರ ಮಾತೇ ಬರಲಿಲ್ಲ.

ಮಾರನೆಯ ದಿನ ಮಂಡ್ಯ ಕಡೆಯ ಒಂದು ಆಲೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಕಂಡಿದ್ದು ಇನ್ನೂ ಬೇಸರದ್ದು. ಕೊಪ್ಪರಿಗೆಯ ಹತ್ತಿರ ಕೆಲಸ ಮಾಡುತ್ತಿದ್ದ ಹುಡುಗನಿಗೆ ಸರ್ ದುಡ್ಡು ಕೊಟ್ಟು, ಶರ್ಟ್ ಬಿಚ್ಚಿಸಿ, ಆವಿ ಜಾಸ್ತಿ ಕಾಣಲಿ ಅಂತ ಬಗ್ಗಿ ನಿಲ್ಲಿಸಿದರು. ಬೆಲ್ಲದ ಪಾಕ ಹದಕ್ಕೆ ಬರುವಾಗ 115 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಕುದಿಯುವ ನೀರಿಗಿಂತ ಬಿಸಿ, ಚರ್ಮಕ್ಕೆ ಬಿದ್ದರೆ ಅಂಟಿಕೊಳ್ಳುತ್ತದೆ. ಆಲೆಮನೆ ಯಜಮಾನರು ನೋಡಿ ಬೈದು ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಒಳ್ಳೆಯದೇ ಮಾಡಿದರು. ಆದರೆ ಹೀಗೆ ನಿಲ್ಲಿಸಿ ತೆಗೆದ ಆ ಚಿತ್ರವೂ ಆಮೇಲೆ "ಬೀದಿಯಲ್ಲಿ ಕಂಡ ಬದುಕು" ಅನ್ನುವ ಹೆಸರಲ್ಲೇ ಆಯೋಜಕರ ಸೋಷಿಯಲ್ ಮೀಡಿಯಾ ಪೇಜಿಗೆ ಹೋಯಿತು.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನ ಎಡಿಟಿಂಗ್ ಕ್ಲಾಸ್. ಆಯೋಜಕರ ಜೊತೆ ಇದ್ದ ಹುಡುಗ ಬಂದು, ಕ್ಲಾಸಿಗೆ ಒಳ್ಳೆಯ ಫೋಟೋ ಆರಿಸಬೇಕು ಅಂತ ಎಲ್ಲರ ಮೆಮೊರಿ ಕಾರ್ಡ್ ಕೇಳಿ ಇಸಕೊಂಡ. ವಾಪಸ್ ಕೊಟ್ಟಾಗ ನನ್ನದೂ ಸೇರಿ ಹಲವರ ಕಾರ್ಡ್ ಖಾಲಿ. ಕೇಳಿದರೆ, "ಕಾಪಿ ಆದ ಮೇಲೆ ಫಾರ್ಮ್ಯಾಟ್ ಮಾಡೋದು ನಮ್ಮ ಪದ್ಧತಿ, ಚಿಂತೆ ಮಾಡಬೇಡಿ ಮೇಡಂ, ಎಲ್ಲಾ ಕಳಿಸ್ತೀವಿ" ಅಂದ. ಕಳಿಸಿದ್ದು ವಾಟ್ಸ್ಆ್ಯಪಿನಲ್ಲಿ, ಸಣ್ಣ ಸಣ್ಣ ಜೆಪೆಗ್ (ಕುಗ್ಗಿಸಿದ ಫೋಟೋ ಫೈಲ್). ರಾ ಫೈಲ್, ಅಂದರೆ ಕ್ಯಾಮೆರಾ ಕಂಡಿದ್ದನ್ನು ಹಾಗೇ ಉಳಿಸಿಟ್ಟ ಮೂಲ ಫೈಲ್, ಒಂದೂ ಇಲ್ಲ.

ಹೊಸಬರಿಗಾಗಿ ಹೇಳುತ್ತೇನೆ, ಇದು ಸಣ್ಣ ನಷ್ಟ ಅಲ್ಲ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಇರುತ್ತದೆ. 14 ಬಿಟ್ ರಾ ಫೈಲಿನಲ್ಲಿ 16,384. ನೆರಳಿನಲ್ಲಿ ಕೂತವರ ಮುಖ ಸ್ವಲ್ಪ ಬೆಳಗಿಸಬೇಕು ಅಂದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ವಾಟ್ಸ್ಆ್ಯಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಇನ್ನೂ ಕುಗ್ಗುತ್ತದೆ, ಜೊತೆಗೆ ಯಾವ ಕ್ಯಾಮೆರಾ, ಯಾವಾಗ ತೆಗೆದದ್ದು ಅನ್ನುವ ಮಾಹಿತಿಯೂ ಅಳಿಸಿಹೋಗುತ್ತದೆ. ಅಂದರೆ ನಾನೇ ತೆಗೆದಿದ್ದು ಅನ್ನುವ ಪುರಾವೆ ಅವರ ಲ್ಯಾಪ್‌ಟಾಪಿನಲ್ಲಿ, ನನ್ನ ಕೈಯಲ್ಲಿ ಏನೂ ಇಲ್ಲ.

ಕ್ಲಾಸಿನಲ್ಲಿ ಸರ್ ಪರದೆ ಮೇಲೆ ಹಾಕಿಕೊಂಡಿದ್ದು ನನ್ನ ಚಿತ್ರ. ಹೂವು ಮಾರುವ ಅಜ್ಜಿ. ನಾನು ಯಾವಾಗಲೂ ಮಲ್ಲಿಗೆ ಕೊಳ್ಳುವುದು ಅವರ ಹತ್ತಿರವೇ, ಅವತ್ತು ಕೇಳಿಯೇ ತೆಗೆದಿದ್ದೆ. ಪಕ್ಕದ ಅಂಗಡಿಯವರು ಏನೋ ಅಂದಿದ್ದಕ್ಕೆ ನಗು ತಡೆದುಕೊಂಡು ಕಣ್ಣು ಕಿರಿದು ಮಾಡಿಕೊಂಡಿದ್ದರು. ಮುಂದೆ ಮಲ್ಲಿಗೆ ರಾಶಿ, ಕನಕಾಂಬರ, ಒಂದು ಕಡೆ ದುಡ್ಡಿನ ಡಬ್ಬ, ಮೊಬೈಲು, ಸ್ಟೀಲ್ ಕ್ಯಾರಿಯರ್. ಎದುರಿಗೆ ಇಬ್ಬರು ಗಿರಾಕಿಗಳು.

ಮೊದಲು ಕ್ರಾಪ್ ಮಾಡಿ ಗಿರಾಕಿಗಳನ್ನು ತೆಗೆದರು. ಹೂವಿನ ರಾಶಿ ಮುಕ್ಕಾಲು ಪಾಲು ಹೋಯಿತು. ಆಮೇಲೆ ರಿಮೂವ್ ಟೂಲ್ ಹಿಡಿದು ಮೊಬೈಲ್, ಡಬ್ಬ, ಕ್ಯಾರಿಯರ್ ಒಂದೊಂದೇ ಅಳಿಸಿದರು. ಬಣ್ಣ ಇಳಿಸಿದರು. ಕ್ಲ್ಯಾರಿಟಿ, ಟೆಕ್ಸ್ಚರ್ ಸ್ಲೈಡರ್ ಎರಡನ್ನೂ ಕೊನೆವರೆಗೆ ಎಳೆದರು, ಮುಖದ ಒಂದೊಂದು ಗೆರೆಯೂ ಉಳುಮೆ ಮಾಡಿದ ಹೊಲದ ಸಾಲಿನ ಹಾಗೆ ಎದ್ದು ನಿಂತಿತು. ಸುತ್ತ ಕಪ್ಪು ಮಾಡಿದರು. ನಗು ತಡೆದುಕೊಂಡಿದ್ದ ಮುಖ ಅಳು ತಡೆದುಕೊಂಡ ಮುಖ ಆಗಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಸರ್, ಅವರು ಹಾಗಿರಲಿಲ್ಲ" ಅಂತ ಹೇಳಿದೆ. "ಎಮೋಷನ್ ಬೇಕಲ್ವಾ ಮೇಡಂ" ಅಂದು ಮುಂದಕ್ಕೆ ಹೋದರು. ಪೇಜಿಗೆ ಹಾಕಬೇಡಿ ಅಂತ ಆಗಲೇ ಹೇಳಿದ್ದೆ. ಆದರೂ ಅದೇ ವಾರ ಅವರ ವಾಟರ್‌ಮಾರ್ಕ್ ಹಾಕಿ, ಕೆಳಗೆ "ಹಸಿವು" ಅಂತ ಬರೆದು, ಮುಂದಿನ ಬ್ಯಾಚಿನ ಜಾಹೀರಾತಿಗೆ ಹಾಕಿಬಿಟ್ಟರು.

ಅಜ್ಜಿಯ ಮೊಮ್ಮಗ ಅದನ್ನು ಫೋನಿನಲ್ಲಿ ನೋಡಿದ್ದಾನೆ. ಊರಿನವರೂ ನೋಡಿದ್ದಾರೆ. ನಾನು ಹೂವಿಗೆ ಹೋದಾಗ ಅವರು ಬೈಯಲಿಲ್ಲ, ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. "ಏನವ್ವ, ನಾನು ಯಾರತ್ರ ಕೈ ಚಾಚಿದ್ನವ್ವ? ಹೊಟ್ಟೆಗಿಲ್ಲದೋಳು ಅಂತ ಹಾಕವ್ರಂತಲ್ಲ" ಅಂದರು. ಅದೇ ಹೂವು ಮಾರಿ ಮಕ್ಕಳನ್ನು ಓದಿಸಿ ಮದುವೆ ಮಾಡಿದವರು ಅವರು. ಈ ಬರಹ ಬರೆಯುತ್ತಿರುವುದೇ ಈ ಮಾತಿಗಾಗಿ. ನನ್ನ ಫೀಸು ಹೋದದ್ದು ಇದರ ಮುಂದೆ ಏನೂ ಅಲ್ಲ.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ಚಿತ್ರಗಳನ್ನೇ ಜೀವನಪೂರ್ತಿ ತೆಗೆದರು. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಬಡವರೂ ಇದ್ದಾರೆ, ಆದರೆ ಒಬ್ಬರ ಮಾನವೂ ಕಡಿಮೆ ಆಗಿಲ್ಲ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೀದಿ ಚಿತ್ರ ಕಲಿಸಲು ಹೊರಟವರು, ಅದೂ ಇದೇ ಊರಿನಲ್ಲಿ, ಅವರ ಒಂದು ಚಿತ್ರವನ್ನಾದರೂ ತೋರಿಸಬೇಕಿತ್ತು.

ಹಾಗಾದರೆ ಎಡಿಟಿಂಗ್ ಮಾಡಲೇಬಾರದಾ? ಮಾಡಲೇಬೇಕು. ನೀಲಿ ಟಾರ್ಪಾಲ್ ಕೆಳಗೆ ಕೂತವರ ಮುಖ ನೀಲಿಯಾಗಿ ಬರುತ್ತದೆ, ವೈಟ್ ಬ್ಯಾಲೆನ್ಸ್ ಸರಿಮಾಡಿ ಚರ್ಮದ ಬಣ್ಣ ವಾಪಸ್ ತರಬೇಕು. ಕುಂಕುಮದ ಗುಡ್ಡೆ ತೆಗೆದವರು ಹಿಸ್ಟೋಗ್ರಾಂನಲ್ಲಿ (ಚಿತ್ರದ ಬೆಳಕು, ಬಣ್ಣ ತೋರಿಸುವ ಗ್ರಾಫ್) ಕೆಂಪು ಗೆರೆ ಬಲಗಡೆ ಗೋಡೆಗೆ ಬಡಿದಿದೆಯಾ ನೋಡಬೇಕು. ಬಡಿದಿದ್ದರೆ ಪುಡಿಯ ನಯ ಮಾಯವಾಗಿ ಬರೀ ಕೆಂಪು ಪಟ್ಟೆ ಉಳಿಯುತ್ತದೆ, ಅಲ್ಲಿ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುವುದಲ್ಲ, ಇಳಿಸಬೇಕು. ಬಣ್ಣ ಸ್ವಲ್ಪ ಜಾಸ್ತಿ ಬೇಕು ಅಂದರೆ ವೈಬ್ರೆನ್ಸ್ ಇದೆ, ಮಂಕಾದ ಬಣ್ಣಗಳನ್ನು ಮಾತ್ರ ಹೆಚ್ಚು ಎತ್ತುತ್ತದೆ, ಚರ್ಮವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇದರಲ್ಲಿ ಯಾವುದೂ ಅಲ್ಲಿದ್ದದ್ದನ್ನು ಸುಳ್ಳು ಮಾಡುವುದಿಲ್ಲ. ವರ್ಲ್ಡ್ ಪ್ರೆಸ್ ಫೋಟೋ ಅನ್ನುವ ಸುದ್ದಿ ಚಿತ್ರಗಳ ಸ್ಪರ್ಧೆಯಲ್ಲಿ ಚಿತ್ರದೊಳಗಿನ ವಸ್ತು ತೆಗೆದರೂ ಸೇರಿಸಿದರೂ ಒಪ್ಪುವುದಿಲ್ಲ, ಕೊನೆಯ ಸುತ್ತಿಗೆ ಬಂದವರ ಮೂಲ ಫೈಲ್ ತರಿಸಿಕೊಂಡು ನೋಡುತ್ತಾರೆ. ನಮ್ಮ ಮನೆ ಮಟ್ಟದಲ್ಲೂ ಆ ಗೆರೆ ಸಾಕು.

ಪ್ರಿಸೆಟ್ ಅಂತ ಬೇರೆ ದುಡ್ಡಿಗೆ ಮಾರಿದರು, ಅದನ್ನೂ ಕೊಳ್ಳಬೇಡಿ. ಪ್ರಿಸೆಟ್ ಅಂದರೆ ಸ್ಲೈಡರುಗಳನ್ನು ಎಲ್ಲೆಲ್ಲಿ ನಿಲ್ಲಿಸಿದ್ದರು ಅನ್ನುವುದನ್ನು ಉಳಿಸಿಟ್ಟ ಒಂದು ಪುಟ್ಟ ಫೈಲ್, ಅಷ್ಟೇ. ಅವರದ್ದನ್ನು ಹಾಕಿದರೆ ಬಿಳಿ ಮಲ್ಲಿಗೆ ಕಿತ್ತಳೆ ಆಗುತ್ತಿತ್ತು. ಅಲ್ಲೇ ಹಲವರ ಲ್ಯಾಪ್‌ಟಾಪಿಗೆ ಕ್ರ್ಯಾಕ್ ಮಾಡಿದ, ಅಂದರೆ ಕದ್ದ, ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ಹಾಕಿಕೊಟ್ಟರು. ವೈರಸ್ ನಿಲ್ಲಿಸುವ ಸಾಫ್ಟ್‌ವೇರ್ ಆಫ್ ಮಾಡಿಸಿ ಹಾಕುವ ಯಾವುದನ್ನೂ ಒಳಗೆ ಬಿಟ್ಟುಕೊಳ್ಳಬೇಡಿ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ, ಕಲಿಯುವುದಕ್ಕೆ ಧಾರಾಳ ಸಾಕು.

ನನ್ನ ಚಿತ್ರ ವಾಪಸ್ ಸಿಕ್ಕಿತು. ಕಾರ್ಡ್ ಖಾಲಿ ಅಂತ ಗೊತ್ತಾದ ತಕ್ಷಣ ಅದನ್ನು ಕ್ಯಾಮೆರಾದಿಂದ ತೆಗೆದು ಇಟ್ಟೆ, ಮತ್ತೆ ಒಂದು ಫೋಟೋ ಕೂಡ ಅದರಲ್ಲಿ ತೆಗೆಯಲಿಲ್ಲ. ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿದಾಗ ಹೆಚ್ಚಾಗಿ ಫೈಲುಗಳ ಪಟ್ಟಿ ಮಾತ್ರ ಅಳಿಯುತ್ತದೆ, ಅದರ ಮೇಲೆ ಹೊಸದು ಬರೆಯುವ ತನಕ ಚಿತ್ರ ಒಳಗೇ ಇರುತ್ತದೆ. ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರಾ ಫೈಲುಗಳು ಬಂದವು. ಫೈಲಿನ ಹೆಸರು ಬದಲಾಗಿತ್ತು, ಆದರೆ ತೆಗೆದ ಸಮಯ, ನನ್ನ ಕ್ಯಾಮೆರಾದ ಸೀರಿಯಲ್ ನಂಬರ್ ಎಲ್ಲ ಹಾಗೇ ಇತ್ತು. ಅದನ್ನು ಇಟ್ಟುಕೊಂಡು ಅವರ ಪೇಜ್ ಇದ್ದ ಆ್ಯಪಿನ ಕಾಪಿರೈಟ್ ದೂರಿನ ಫಾರಂ ತುಂಬಿದೆ. ಪೇಜಿನಿಂದ ಚಿತ್ರ ಹೋಯಿತು. ಬೇರೆಯವರು ಹಂಚಿಕೊಂಡ ಪ್ರತಿಗಳು ಇನ್ನೂ ಓಡಾಡುತ್ತಿವೆ, ಕಣ್ಣಿಗೆ ಬಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಆಯೋಜಕರಿಗೆ ಫೋನ್ ಮಾಡಿದಾಗ ಬಂದ ಉತ್ತರ, "ನಮ್ಮ ಕ್ಲಾಸಿನಲ್ಲಿ ತೆಗೆದ ಫೋಟೋ ನಮ್ಮದೇ." ಅದು ಸುಳ್ಳು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ದುಡ್ಡು ಕೊಟ್ಟು ತೆಗೆಸಿಕೊಂಡರೆ ಬೇರೆ ವಿಷಯ, ಇಲ್ಲಿ ದುಡ್ಡು ಕೊಟ್ಟವರೂ ನಾವು, ತೆಗೆದವರೂ ನಾವು. ಹಕ್ಕು ಬೇರೆಯವರಿಗೆ ಹೋಗಬೇಕು ಅಂದರೆ ಬರಹದಲ್ಲಿ ಇರಬೇಕು, ನಮ್ಮ ಸಹಿ ಇರಬೇಕು. ನಾನು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಹಕ್ಕು ಬರೆದುಕೊಟ್ಟ ಮೇಲೂ ಚಿತ್ರದ ಕೆಳಗೆ ನಮ್ಮ ಹೆಸರು ಕೇಳುವ ಹಕ್ಕು ಅದೇ ಕಾಯ್ದೆಯ 57ನೇ ಸೆಕ್ಷನ್ನಿನಲ್ಲಿ ನಮಗೇ ಉಳಿದಿದೆ.

ಇದು ಅವರಿಗೂ ಈಗ ತಿಳಿದಿದೆ ಅನ್ನಿಸುತ್ತದೆ. ಹೊಸ ಬ್ಯಾಚಿಗೆ ಸೇರಿದ ಗೆಳತಿಯೊಬ್ಬಳು ಅವರ ಫಾರಂ ಕಳಿಸಿದಳು. ಹೆಸರು, ಫೋನ್ ನಂಬರ್, ಕ್ಯಾಮೆರಾ ಮಾಡೆಲ್ ಎಲ್ಲ ಆದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ, ಕಾರ್ಯಕ್ರಮದಲ್ಲಿ ತೆಗೆದ ಎಲ್ಲ ಚಿತ್ರಗಳ ಪೂರ್ತಿ ಹಕ್ಕು ಆಯೋಜಕರದ್ದು ಅಂತ ಹೊಸದಾಗಿ ಒಂದು ಸಾಲು ಸೇರಿಸಿದ್ದಾರೆ. ನಿಮ್ಮ ಕೈಗೂ ಅಂಥ ಫಾರಂ ಬಂದರೆ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಅವರ ಸಹಿಯನ್ನೂ ಹಾಕಿಸಿಕೊಂಡು, ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಒಪ್ಪದಿದ್ದರೆ ದುಡ್ಡು ವಾಪಸ್ ಕೇಳಿ. ಕೊಡದಿದ್ದರೆ ಪಾವತಿಯ ರಸೀದಿ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನೂ ಅಲ್ಲಿ ದೂರು ಕೊಟ್ಟಿದ್ದೇನೆ, ನನ್ನ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಕೊಡಿ.