ಫೋನ್ ಬೋರ್ಡ್ ಪರೀಕ್ಷೆಗೆ ಪಿನ್ ಫಿಕ್ಸ್ಚರೋ, ಫ್ಲೈಯಿಂಗ್ ಪ್ರೋಬೋ?

ಮಂಗಳೂರಿನ ಬೈಕಂಪಾಡಿಯಲ್ಲಿ ಮೊಬೈಲ್ ಬೋರ್ಡ್ ಜೋಡಣೆ ಶುರುಮಾಡುವ ಮುನ್ನ ಯಾವ ಪರೀಕ್ಷಾ ಯಂತ್ರ ಕೊಳ್ಳಲಿ ಎಂದು ಕೇಳಿದ್ದೀರಿ. ಒಂದೇ ವಿನ್ಯಾಸದ ಬೋರ್ಡ್ ಎಷ್ಟು ಮಾಡುತ್ತೀರಿ ಎಂಬುದನ್ನು ಮೊದಲು ಲೆಕ್ಕ ಹಾಕಿ.

ಫಿಕ್ಸ್ಚರ್ ಎಂಬ ಚೌಕಟ್ಟಿನಲ್ಲಿ ಸ್ಪ್ರಿಂಗ್ ಪಿನ್‌ಗಳು ಬೋರ್ಡಿನ ಟೆಸ್ಟ್ ಪಾಯಿಂಟ್‌ಗಳನ್ನೆಲ್ಲ (ಅಳತೆಗೆಂದು ಬಿಟ್ಟ ಲೋಹದ ಚುಕ್ಕಿಗಳು) ಒಟ್ಟಿಗೇ ಮುಟ್ಟುತ್ತವೆ. ಶಾರ್ಟ್ (ಬೇಡದ ಸಂಪರ್ಕ), ಓಪನ್ (ಕಡಿದ ಸಂಪರ್ಕ), ತಪ್ಪು ರೆಸಿಸ್ಟರ್ ಸೆಕೆಂಡುಗಳಲ್ಲೇ ಸಿಕ್ಕಿಬೀಳುತ್ತವೆ. ಆದರೆ ಪ್ರತಿ ವಿನ್ಯಾಸಕ್ಕೂ ಬೇರೆ ಫಿಕ್ಸ್ಚರ್ ಮಾಡಿಸಬೇಕು. ಟೆಸ್ಟ್ ಪಾಯಿಂಟ್ ಜಾಗ ಬದಲಾದರೆ ಮತ್ತೆ ಖರ್ಚು. ಫ್ಲೈಯಿಂಗ್ ಪ್ರೋಬ್‌ಗೆ ಈ ತಾಪತ್ರಯವಿಲ್ಲ, ವಿನ್ಯಾಸದ ಫೈಲ್‌ನಿಂದಲೇ ಪ್ರೋಗ್ರಾಂ ತಯಾರಾಗುತ್ತದೆ. ಆದರೆ ಕೆಲವೇ ಸೂಜಿಗಳು ಜಾಗದಿಂದ ಜಾಗಕ್ಕೆ ಓಡಾಡುವುದರಿಂದ ಒಂದು ಬೋರ್ಡಿಗೆ ನಿಮಿಷಗಳೇ ಬೇಕು. ಮಾದರಿ ಬೋರ್ಡಿಗೆ, ಸಣ್ಣ ಬ್ಯಾಚಿಗೆ ಇದು ಸರಿ. ದಿನಕ್ಕೆ ಸಾವಿರಾರು ಬೋರ್ಡ್ ಇದ್ದರೆ ಫಿಕ್ಸ್ಚರ್ ಬಿಟ್ಟು ಗತಿಯಿಲ್ಲ.

ಪಿನ್ ತುದಿಗೆ ಬೆಸುಗೆಗೆ ಬಳಸುವ ಫ್ಲಕ್ಸ್ ಅಂಟಿದರೆ ಒಳ್ಳೆಯ ಬೋರ್ಡೂ ಫೇಲ್ ಆಗುತ್ತದೆ. ನಮ್ಮ ಕರಾವಳಿಯ ತೇವದಲ್ಲಿ, ಅದರಲ್ಲೂ ಮಳೆಗಾಲದ ಆಟಿ ತಿಂಗಳಲ್ಲಿ, ಪಿನ್ ಶುಚಿ ಮಾಡುವುದನ್ನು ದಯವಿಟ್ಟು ಮುಂದೂಡಬೇಡಿ.

ಇನ್ನು ಕ್ಯಾಲಿಬ್ರೇಷನ್, ಅಂದರೆ ಫೋನಿನ ರೇಡಿಯೊ ಅಳೆದು ಸರಿಹೊಂದಿಸುವುದು. ಅದನ್ನು ಈ ಎರಡೂ ಮಾಡುವುದಿಲ್ಲ! ಹೊರಗಿನ ಸಂಕೇತ ತಡೆಯುವ ಶೀಲ್ಡ್ ಬಾಕ್ಸ್‌ನಲ್ಲಿ ಬೋರ್ಡ್ ಇಟ್ಟು, ಆರ್‌ಎಫ್ (ರೇಡಿಯೊ ಆವರ್ತನ) ಟೆಸ್ಟರ್‌ಗೆ ಜೋಡಿಸಿ, ಪ್ರಸಾರದ ಶಕ್ತಿ ಮತ್ತು ಆವರ್ತನ ಅಳೆದು, ತಿದ್ದುಪಡಿಯನ್ನು ಆಯಾ ಫೋನಿನ ಮೆಮೊರಿಯಲ್ಲೇ ಬರೆಯಬೇಕು. ಜಿಎಸ್‌ಎಂ (2ಜಿ) ಫೋನಿನ ಆವರ್ತನ ಟವರ್ ಸಂಕೇತದಿಂದ ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ಸರಿಯುವಂತಿಲ್ಲ. 900 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 90 ಹರ್ಟ್ಸ್. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಆರ್‌ಎಫ್ ಟೆಸ್ಟರ್ ಕೊಳ್ಳಿ, ಪ್ರೋಬ್ ಪರೀಕ್ಷೆಯನ್ನು ಸದ್ಯಕ್ಕೆ ಹೊರಗೆ ಮಾಡಿಸಿ.