ಮಲಗಿದವರಿಗೆ ಕಾಣುವ ಚಿತ್ರ: 45 ಇಂಚಿನ ಕ್ಯಾನ್ವಾಸ್ ಪ್ರಿಂಟ್, ಎಂಟು ತಿಂಗಳ ನಂತರ

ಕಳೆದ ವರ್ಷ ಬಲಗಾಲಿನ ಮೂಳೆ ಮುರಿದು ಆರು ವಾರ ಹಾಸಿಗೆ ಹಿಡಿದಿದ್ದೆ. ತಲೆಯ ಹಿಂದಿನ ಗೋಡೆಯಲ್ಲಿ ದೊಡ್ಡದೊಂದು ಚಿತ್ರವಿತ್ತು. ಗಾಜು ಹಾಕಿದ ಫ್ರೇಮು, ನಾವಿಬ್ಬರೂ ಇಷ್ಟಪಟ್ಟು ತಂದದ್ದು. ಆ ಆರು ವಾರದಲ್ಲಿ ಅದನ್ನು ಒಂದು ಸಲವೂ ನೆಮ್ಮದಿಯಾಗಿ ನೋಡಲು ಆಗಲಿಲ್ಲ. ನೋಡಬೇಕೆಂದರೆ ಕತ್ತು ಹಿಂದಕ್ಕೆ ತಿರುಚಬೇಕು. ಕಣ್ಣೆದುರಿಗೆ ಇದ್ದದ್ದು ಕಾಲ ದಿಕ್ಕಿನ ಬೋಳು ಗೋಡೆ, ಅದರ ಮೂಲೆಯಲ್ಲೊಂದು ಸ್ವಿಚ್ ಬೋರ್ಡು. ಮಾತಾಡಿಸಲು ಬಂದವರೆಲ್ಲ ಬಾಗಿಲಲ್ಲಿ ನಿಂತು "ಚಿತ್ರ ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದರು. ಅದನ್ನು ನಾವು ಬಾಗಿಲಲ್ಲಿ ನಿಲ್ಲುವವರಿಗಾಗಿ ಹಾಕಿದ್ದೆವು ಅನ್ನುವುದು ನನಗೆ ಹೊಳೆದದ್ದು ಆಗಲೇ.

ಎದ್ದು ಓಡಾಡಲು ಶುರು ಮಾಡಿದ ಮೇಲೆ ಮೊದಲು ಮಾಡಿದ ಕೆಲಸ, ಎದುರು ಗೋಡೆಗೆ ದೊಡ್ಡ ಕ್ಯಾನ್ವಾಸ್ ಪ್ರಿಂಟ್ ತರಿಸಿದ್ದು. ನಾವೇ ಕಳಿಸಿದ ಫೋಟೋವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ, ಮರದ ಚೌಕಟ್ಟಿಗೆ ಬಿಗಿದು ಮನೆಗೆ ಕಳಿಸುವ ಸೇವೆ. ಈಗ ಎಂಟು ತಿಂಗಳಾಯಿತು. ದಿನಾ ಬೆಳಿಗ್ಗೆ ಕಣ್ಣು ಬಿಟ್ಟಾಗ ಮೊದಲು ಕಾಣುವುದು ಅದೇ. ಹೀಗಾಗಿ ಅದರ ಒಳ್ಳೆಯದು ಕೆಟ್ಟದ್ದು ಎರಡೂ ಚೆನ್ನಾಗಿ ಗೊತ್ತಾಗಿದೆ.

ಮೊದಲು ಗಾಜು ಬೇಡವೆಂದು ಯಾಕೆ ತೀರ್ಮಾನಿಸಿದೆ ಅಂತ ಹೇಳಿಬಿಡುತ್ತೇನೆ. ಹಳೆಯ ಫ್ರೇಮನ್ನೇ ಎದುರು ಗೋಡೆಗೆ ಆನಿಸಿ ಇಟ್ಟು ನೋಡಿದ್ದೆವು. ಹಗಲು ಹೊತ್ತು ಗಾಜಿನಲ್ಲಿ ಕಿಟಕಿ ಕಾಣುತ್ತಿತ್ತು, ರಾತ್ರಿ ಓದುವ ದೀಪ ಕಾಣುತ್ತಿತ್ತು, ಚಿತ್ರ ಮಾತ್ರ ಇವುಗಳ ಹಿಂದೆಲ್ಲೋ ಅಡಗಿತ್ತು. ಹೊಳಪಿಲ್ಲದ ಮ್ಯಾಟ್ ಕ್ಯಾನ್ವಾಸಿನಲ್ಲಿ ಈ ತಾಪತ್ರಯವೇ ಇಲ್ಲ. ಕಿಟಕಿ ನಮ್ಮ ಎಡಗಡೆ ಇದೆ, ಬೆಳಕು ಓರೆಯಾಗಿ ಬೀಳುತ್ತದೆ. ಬಟ್ಟೆಯ ನೇಯ್ಗೆ ಅಲ್ಲಲ್ಲಿ ಸ್ವಲ್ಪ ಎದ್ದು ಕಾಣುವುದು ಬಿಟ್ಟರೆ ಎಲ್ಲೂ ಮಿಂಚುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆಯಾಗಿದ್ದರೆ ನಾನು ಹಾಕುತ್ತಲೇ ಇರಲಿಲ್ಲ. ಯಾವ ಶಾಯಿಯಾದರೂ ಬಿಸಿಲಿಗೆ ಮಾಸುತ್ತದೆ, ಪಿಗ್ಮೆಂಟ್ ಶಾಯಿ ನಿಧಾನವಾಗಿ, ಡೈ ಶಾಯಿ ಬೇಗ. ಆರ್ಡರ್ ಮಾಡುವ ಮುಂಚೆ ಯಾವುದೆಂದು ಕೇಳಿ ಪಿಗ್ಮೆಂಟ್ ಎಂದು ಖಾತ್ರಿ ಮಾಡಿಕೊಂಡೆ.

ಚಿತ್ರ ನನ್ನ ಮಗಳು ಫೋನಿನಲ್ಲಿ ತೆಗೆದದ್ದು. ಮುಂಜಾನೆಯ ಕೆರೆ, ಮೇಲೆ ತೆಳು ಮಂಜು, ಆಚೆ ದಡದಲ್ಲಿ ಮರಗಳ ಸಾಲು, ಬಲಬದಿಯ ನೀರಿನಲ್ಲಿ ಒಂದೇ ಒಂದು ಬೆಳ್ಳಕ್ಕಿ. ನಮ್ಮವರಿಗೆ ಜಲಪಾತದ ಚಿತ್ರವೊಂದರ ಮೇಲೆ ಮನಸ್ಸಿತ್ತು. ಅದನ್ನು ಲ್ಯಾಪ್‌ಟಾಪಿನಲ್ಲಿ ತುಂಬು ಪರದೆಗೆ ಹಾಕಿ ಹಾಸಿಗೆಯಲ್ಲಿ ಒರಗಿ ಕಾಲು ಗಂಟೆ ನೋಡಿದೆವು. ಧುಮುಕುವ ನೀರು ಕಣ್ಣನ್ನು ಒಂದು ಕಡೆ ನಿಲ್ಲಗೊಡುವುದಿಲ್ಲ. "ಇದು ಹಜಾರಕ್ಕೆ ಸರಿ" ಎಂದು ಅವರೇ ಎದ್ದುಬಿಟ್ಟರು. ಮಲಗುವ ಕೋಣೆಗೆ ಅಡ್ಡಗೆರೆಗಳ ಚಿತ್ರ ಒಗ್ಗುತ್ತದೆ ಅನ್ನುವುದು ನನ್ನ ಅನುಭವ. ದಡ, ನೀರು, ಮಂಜಿನ ಪದರ, ಎಲ್ಲವೂ ಅಡ್ಡಲಾಗಿ ಮಲಗಿರಬೇಕು.

ಫೋನಿನ ಚಿತ್ರ ಅಷ್ಟು ದೊಡ್ಡದಾಗಿ ಬರುತ್ತದೆಯೇ ಎಂಬ ಅನುಮಾನ ನನಗೂ ಇತ್ತು. ಅದು 12 ಮೆಗಾಪಿಕ್ಸೆಲ್ ಚಿತ್ರ, ಅಗಲಕ್ಕೆ 4000 ಪಿಕ್ಸೆಲ್. 45 ಇಂಚಿಗೆ ಹಂಚಿದರೆ ಇಂಚಿಗೆ 89 ಬೀಳುತ್ತದೆ. ಕೈಯಲ್ಲಿ ಹಿಡಿದು ನೋಡುವ ಫೋಟೋಗೆ 300 ಬೇಕೆನ್ನುತ್ತಾರೆ, ಆದರೆ ನಮ್ಮ ದಿಂಬಿನಿಂದ ಆ ಗೋಡೆ ಒಂಬತ್ತು ಅಡಿ ದೂರ. ಅಲ್ಲಿಂದ ಮರಗಳು ಮರಗಳಾಗಿಯೇ ಕಾಣುತ್ತವೆ. ಮೂಗು ತಾಗುವಷ್ಟು ಹತ್ತಿರ ಹೋದರೆ ಎಲೆಗಳ ಅಂಚು ಕಲಸಿಕೊಂಡಿರುವುದು ಗೊತ್ತಾಗುತ್ತದೆ ನಿಜ. ಫೋನಿನಲ್ಲಿ ಬರೀ ಬಿಳಿ ಚುಕ್ಕಿಯಾಗಿದ್ದ ಬೆಳ್ಳಕ್ಕಿ ಇಲ್ಲಿ ಹೆಬ್ಬೆರಳಿನ ಉಗುರಿನಷ್ಟಾಗಿದೆ. ಅದರ ಕತ್ತಿನ ಬಾಗು, ನೀರಿನಲ್ಲಿ ಅದರ ನೆರಳು ಮುರಿದಿರುವುದು, ಇವನ್ನು ನಾನು ನೋಡಿದ್ದೇ ಪ್ರಿಂಟ್ ಬಂದ ಮೇಲೆ. ಎರಡು ವರ್ಷ ನನ್ನ ಫೋನಿನಲ್ಲಿದ್ದ ಚಿತ್ರ ಅದು.

ಅದೇ ಬೆಳ್ಳಕ್ಕಿಯಿಂದ ಇನ್ನೊಂದು ವಿಷಯ ತಿಳಿಯಿತು. ಚೌಕಟ್ಟು ಒಂದೂವರೆ ಇಂಚು ದಪ್ಪ. ಮಾಮೂಲಿಯಾಗಿ ಚಿತ್ರದ ಅಂಚನ್ನೇ ಮಡಚಿ ಬದಿಗೆ ಸುತ್ತುತ್ತಾರೆ. ಹಾಗೆ ಮಾಡಿದ್ದರೆ ಹಕ್ಕಿ ಗೋಡೆಯ ಕಡೆಗೆ ತಿರುಗಿ ಬದಿಯಲ್ಲಿ ನಿಂತಿರುತ್ತಿತ್ತು. ಅಂಚನ್ನು ಕನ್ನಡಿಯಂತೆ ಮಗುಚಿ ಬದಿಗೆ ಅಚ್ಚು ಹಾಕುವ ಆಯ್ಕೆಯೂ ಇತ್ತು, ಅದನ್ನು ಆರಿಸಿಕೊಂಡೆ, ಮುಂಭಾಗ ಪೂರ್ತಿ ಉಳಿಯಿತು. ಪರದೆಯಲ್ಲಿ ತೋರಿಸುವ ಮಾದರಿಯನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಹಾಗೆಯೇ ಹನ್ನೆರಡು ಇಂಚಿನ ಸಣ್ಣ ಪ್ರಿಂಟ್ ಒಂದನ್ನು ಮೊದಲು ತರಿಸಿದ್ದು ಒಳ್ಳೆಯದಾಯಿತು. ಪರದೆ ತಾನೇ ಬೆಳಗುತ್ತದೆ, ಬಟ್ಟೆ ಬೆಳಗುವುದಿಲ್ಲ. ಮೊದಲ ಪ್ರಿಂಟಿನಲ್ಲಿ ಮರಗಳು ಮಸಿಯಂತೆ ಬಂದಿದ್ದವು. ಚಿತ್ರವನ್ನು ಸ್ವಲ್ಪ ತಿಳಿ ಮಾಡಿ ದೊಡ್ಡದಕ್ಕೆ ಕಳಿಸಿದೆ.

ಇಷ್ಟೆಲ್ಲ ಮಾಡಿಯೂ ದೊಡ್ಡ ಪ್ರಿಂಟ್ ಬಂದಾಗ ಒಂದು ಏಟು ತಿಂದೆವು. ಗೋಡೆಗೆ ಹಾಕಿ, ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಂತಿದೆ ಎಂದು ನೋಡಿ, ಹಿಂದೆ ಸರಿದು ನಿಂತರೆ ಕೆರೆಯೇ ವಾಲಿದೆ! ಫೋಟೋದಲ್ಲೇ ದಡದ ಗೆರೆ ಒಂದು ಡಿಗ್ರಿಯಷ್ಟು ಓರೆ ಇತ್ತು. ಫೋನಿನಲ್ಲಿ ಯಾರ ಕಣ್ಣಿಗೂ ಬೀಳದ ಓರೆ 45 ಇಂಚಿನ ಅಗಲದಲ್ಲಿ ಈ ತುದಿಗೂ ಆ ತುದಿಗೂ ಮುಕ್ಕಾಲು ಇಂಚಿನ ವ್ಯತ್ಯಾಸವಾಗುತ್ತದೆ. ಪ್ರತಿ ಚಿತ್ರವನ್ನೂ ಅಚ್ಚಿಗೆ ಮೊದಲು ಪರಿಶೀಲಿಸುತ್ತೇವೆ ಎಂದು ಬರೆದುಕೊಂಡಿರುವ ಸಂಸ್ಥೆಯವರು, ಕೇಳಿದಾಗ, ಪಿಕ್ಸೆಲ್ ಸಾಕಾಗುತ್ತದೆಯೇ ಎಂದಷ್ಟೇ ನೋಡುತ್ತೇವೆ ಎಂದರು. ನನಗೆ ಬೇಸರವಾಯಿತು. ಕಣ್ಣಿರುವ ಮನುಷ್ಯ ಒಬ್ಬ ನೋಡಿದ್ದರೆ ಒಂದು ಮಾತು ಹೇಳಬಹುದಿತ್ತು. ಚಿತ್ರವನ್ನು ನೇರ ಮಾಡಿ ಎರಡನೆಯದನ್ನು ಪೂರ್ತಿ ಹಣ ಕೊಟ್ಟು ತರಿಸಿದೆವು. ವಾಲಿದ ಕೆರೆ ಮಗಳ ಕೋಣೆಗೆ ಹೋಯಿತು, ಅವಳು ಅದನ್ನು ಬಿಟ್ಟುಕೊಡುವುದಿಲ್ಲ ಅನ್ನುತ್ತಾಳೆ.

ಗಾತ್ರ 45ಕ್ಕೆ 30 ಇಂಚು. ಮಂಚದ ಅಗಲ 60 ಇಂಚು, ಅದರ ಮುಕ್ಕಾಲು ಭಾಗ. ಹೆಡ್‌ಬೋರ್ಡ್ ಮೇಲೆ ಚಿತ್ರ ಹಾಕುವವರು ಮಂಚದ ಮೂರರಲ್ಲಿ ಎರಡು ಪಾಲಿನಿಂದ ಮುಕ್ಕಾಲು ಪಾಲಿನವರೆಗೆ ಎಂಬ ಲೆಕ್ಕ ಹಿಡಿಯುತ್ತಾರೆ. ಎದುರು ಗೋಡೆಗೂ ಅದು ಹೊಂದಿತು, ಯಾಕೆಂದರೆ ಒರಗಿದಾಗ ಮಂಚದ ಕಾಲ್ದೆಸೆಯ ಅಂಚು ಮತ್ತು ಚಿತ್ರ ಒಂದರ ಮೇಲೊಂದು ಕಾಣುತ್ತವೆ. ಆರ್ಡರ್ ಮಾಡುವ ಮುಂಚೆ ಹಳೆಯ ಪೇಪರುಗಳನ್ನು ಅಂಟಿಸಿ ಅದೇ ಅಳತೆಗೆ ಕತ್ತರಿಸಿ, ಮಾಸ್ಕಿಂಗ್ ಟೇಪಿನಲ್ಲಿ ಗೋಡೆಗೆ ಹಚ್ಚಿ ಮೂರು ರಾತ್ರಿ ಮಲಗಿದೆವು. ದೊಡ್ಡ ಚಿತ್ರ ತರಿಸುವ ಯಾರಿಗಾದರೂ ನಾನು ಕೈ ಮುಗಿದು ಹೇಳುವ ಮಾತು ಇದು, ದಯವಿಟ್ಟು ಪೇಪರ್ ಹಚ್ಚಿ ನೋಡಿ. 36 ಇಂಚಿನದು ಸಾಕೆಂದುಕೊಂಡಿದ್ದೆವು, ಆ ಗೋಡೆಯ ಮೇಲೆ ಅದು ಕ್ಯಾಲೆಂಡರಿನಂತೆ ಕಂಡಿತು.

ಎತ್ತರ ತಿಳಿದದ್ದೂ ಆ ಪೇಪರಿನಿಂದಲೇ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರುವಂತೆ ಹಾಕುವ ವಾಡಿಕೆಯಿದೆ, ಅದು ನಿಂತು ನೋಡುವವರ ಕಣ್ಣಿನ ಮಟ್ಟ. ನಾವು ಮೊದಲ ರಾತ್ರಿ ಅದಕ್ಕಿಂತಲೂ ಮೇಲೆ, 66 ಇಂಚಿಗೆ ಹಚ್ಚಿದ್ದೆವು. ನಿಂತರೆ ಚೆಂದ, ಮಲಗಿದರೆ ಸೂರಿಗೆ ಅಂಟಿಕೊಂಡಂತೆ. ಎರಡು ದಿಂಬಿಗೆ ಒರಗಿದಾಗ ನನ್ನ ಕಣ್ಣು ನೆಲದಿಂದ 38 ಇಂಚು. ಇಳಿಸುತ್ತಾ ಇಳಿಸುತ್ತಾ 54ಕ್ಕೆ ಬಂದಾಗ ಕತ್ತು ಎತ್ತುವ ಕೆಲಸವೇ ಇಲ್ಲದೆ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು.

ತೂಗುಹಾಕುವ ಸಾಮಾನಿನಲ್ಲಿ ಸಂಸ್ಥೆಯವರು ಕೈ ಬಿಗಿ ಹಿಡಿದಿದ್ದಾರೆ. ಇಷ್ಟು ಅಗಲದ ಚಿತ್ರಕ್ಕೆ ಹಿಂಬದಿಯ ನಡುವೆ, ಮೊಳೆಗೆ ಸಿಕ್ಕಿಸಲು ಗರಗಸದಂತೆ ಹಲ್ಲುಗಳಿರುವ ಪಟ್ಟಿ ಒಂದೇ ಒಂದು. ಬಾಗಿಲು ಜೋರಾಗಿ ಹಾಕಿದಾಗಲೆಲ್ಲ ಓರೆಯಾಗುತ್ತಿತ್ತು. ಅದನ್ನು ಕಿತ್ತು ಎರಡು ಬದಿಗೆ ಎರಡು ರಿಂಗು ಹಾಕಿ, ಗೋಡೆಗೆ ಎರಡು ಸ್ಕ್ರೂ ಕೊಟ್ಟ ಮೇಲೆ ಅಲ್ಲಾಡಿಲ್ಲ. ಚಿತ್ರ ಹಿಡಿದು ತೂಕದ ಯಂತ್ರದ ಮೇಲೆ ನಿಂತು, ಇಟ್ಟು ನಿಂತು, ಕಳೆದು ನೋಡಿದೆ, ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು. ಇಟ್ಟಿಗೆ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಕೂರಿಸಿದರೆ ಧಾರಾಳವಾಯಿತು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮಾತ್ರ ಡ್ರಿಲ್ ಇಡಬಾರದು, ವೈರುಗಳು ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರುತ್ತವೆ.

ಮಳೆ ಹಿಡಿದ ವಾರಗಳಲ್ಲಿ ಕ್ಯಾನ್ವಾಸಿನ ಎಡ ಕೆಳಮೂಲೆ ಸಡಿಲಾಗಿ ಸಣ್ಣ ಸುಕ್ಕು ಕಾಣಿಸಿತು. ಚಿತ್ರದ ಜೊತೆ ಪುಟ್ಟ ಚೀಲದಲ್ಲಿ ಎಂಟು ಮರದ ಬೆಣೆ ಬಂದಿದ್ದವು, ಯಾಕೆಂದು ಒಂದು ಚೀಟಿಯನ್ನೂ ಇಟ್ಟಿರಲಿಲ್ಲ. ಚೌಕಟ್ಟಿನ ಒಳಮೂಲೆಯ ಸೀಳಿನಲ್ಲಿ ಅವನ್ನಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಚೌಕಟ್ಟು ಕೂದಲೆಳೆಯಷ್ಟು ಅಗಲವಾಗಿ ಬಟ್ಟೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ಈಗ ತಮಟೆಯ ಹಾಗೆ ಸದ್ದು ಬರುತ್ತದೆ. ಹಿಂದೆ ನಾಲ್ಕು ಮೂಲೆಗೂ ಫೆಲ್ಟಿನ ತುಂಡು ಅಂಟಿಸಿದ್ದೇನೆ, ಗೋಡೆಗೂ ಬಟ್ಟೆಗೂ ನಡುವೆ ಗಾಳಿಯಾಡುತ್ತದೆ. ಧೂಳಿಗೆ ಒಣ ಬ್ರಷ್ ಸಾಕು.

ಅಚ್ಚಿನ ಗುಣ, ಬಣ್ಣ, ಮರ, ಪ್ಯಾಕಿಂಗ್ ಎಲ್ಲಕ್ಕೂ ಪೂರ್ತಿ ಅಂಕ ಕೊಡುತ್ತೇನೆ. ಪರಿಶೀಲನೆಯ ಮಾತಿಗೆ ಮತ್ತು ಆ ಒಂಟಿ ಪಟ್ಟಿಗೆ ಒಂದು ಅಂಕ ಕಳೆದು ಐದಕ್ಕೆ ನಾಲ್ಕು. ಇವರಿಂದ ಮತ್ತೆ ತರಿಸುತ್ತೀಯಾ ಎಂದರೆ ತರಿಸುತ್ತೇನೆ.

ರಾತ್ರಿ ಹಳದಿ ಬಲ್ಬಿನ ಬೆಳಕಿನಲ್ಲಿ ಮಂಜಿನ ನೀಲಿ ಬೂದಿಯಾಗುತ್ತದೆ, ಮರಗಳು ಮುಳುಗುತ್ತವೆ. ದೀಪ ಆರಿಸುವ ಮುಂಚೆ ಕೊನೆಗೆ ಉಳಿಯುವುದು ಆ ಹಕ್ಕಿಯ ಬಿಳುಪು. ತಲೆಯ ಹಿಂದಿನ ಗೋಡೆಯಿಂದ ಹಳೆಯ ಫ್ರೇಮನ್ನು ಇಳಿಸಿ ತೂತುಗಳಿಗೆ ಪುಟ್ಟಿ ಹಚ್ಚಿದ್ದೇವೆ. ಆ ಗೋಡೆ ಖಾಲಿಯಾಗಿಯೇ ಇದೆ, ಬಾಗಿಲಲ್ಲಿ ನಿಂತವರು ಈಗ ಒಳಗೆ ಬಂದು ಮಂಚದ ಮೇಲೆ ಕೂತು ಕೆರೆ ನೋಡುತ್ತಾರೆ.